ನಾದಿನಿಗೆ ಕೊಟ್ಟ ಹೆಪ್ಪು

ಆ ಭಾನುವಾರ ಬೆಳಿಗ್ಗೆ ಮಾಡಿದ ಕೆಲಸಗಳು ಇವು. ಆರಕ್ಕೆ ನಲ್ಲಿ ನೀರು ಬಂತು, ಎರಡು ಡ್ರಮ್ಮು ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ನಾಲ್ಕು ಎಳೆ ರಂಗೋಲಿ ಬಿಟ್ಟೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟೆ. ಉಪ್ಪಿಟ್ಟು ಕೆದಕಿದೆ. ಸೋಮವಾರದ ದೋಸೆಗೆ ಅಕ್ಕಿ, ಉದ್ದು ನೆನೆಹಾಕಿ, ಸಂಜೆ ರುಬ್ಬಿಕೊಳ್ಳಿ ಎಂದು ಯಜಮಾನರಿಗೆ ಹೇಳಿದೆ. ಅವರದು ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಎರಡು ಅಂಗಿಯ ಮೇಲಿದ್ದ ವಾರ್ನಿಶ್ ಕಲೆ ಉಜ್ಜಿದೆ, ಒಂದರದು ಹೋಯಿತು, ಇನ್ನೊಂದರದು ಹೋಗಲಿಲ್ಲ. ಕಾಲೇಜಿನ ಟೆಸ್ಟ್ ಪೇಪರು ಹನ್ನೊಂದು ತಿದ್ದಿದೆ. ಒಂದು ಪತ್ರ ಬರೆದೆ, ಹರಿದೆ, ಮತ್ತೆ ಬರೆದೆ. ಹತ್ತೂವರೆಗೆ ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೆ.ಆರ್. ನಗರದ ಬಸ್ಸು ಹತ್ತಿದೆ.

ಪತ್ರ ನನ್ನ ನಾದಿನಿಗಾಗಿ ಬರೆದದ್ದು. ನಾದಿನಿ ಎಂದರೆ ಯಜಮಾನರ ತಂಗಿ. ಈಗ ಚುಂಚನಕಟ್ಟೆಯಲ್ಲಿದ್ದಾಳೆ, ಅವಳ ಗಂಡನ ಮನೆಯವರು ಭತ್ತ ಬೆಳೆಯುವವರು, ಅವಳು ಕೆ.ಆರ್. ನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಎಂಟು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ಪಿಎಚ್.ಡಿ.ಯನ್ನು ಮತ್ತೆ ಹಿಡಿಯಬೇಕೆಂದು ಈ ವರ್ಷ ಅರ್ಜಿ ಹಾಕುತ್ತಿದ್ದಾಳೆ. ಅರ್ಜಿಯ ಜೊತೆಗೆ, ಮೊದಲ ಸಲ ಕೆಲಸ ಯಾಕೆ ನಿಂತಿತು ಎಂದು ಗೊತ್ತಿದ್ದವರು ಬರೆದುಕೊಟ್ಟ ಕಾಗದ ಬೇಕಂತೆ. ಯಾಕೆ ನಿಂತಿತು ಎಂಬುದು ನನಗೆ ಚೆನ್ನಾಗಿ ಗೊತ್ತು. ನನ್ನಿಂದ ನಿಂತಿತು.

ಇದನ್ನು ಹೇಳಬೇಕಾದರೆ ನಾವಿಬ್ಬರೂ ಮಾಡುತ್ತಿದ್ದ ಕೆಲಸ ಏನು ಎಂದು ಹೇಳಬೇಕು. ಎಲೆಕ್ಟ್ರಾನಿಗೆ ಚಾರ್ಜ್ ಇರುವಂತೆ ಸ್ಪಿನ್ ಎಂಬ ಇನ್ನೊಂದು ಗುಣವಿದೆ. ಅದು ಮೇಲ್ಮುಖವಾಗಿರಬಹುದು, ಕೆಳಮುಖವಾಗಿರಬಹುದು. ಈಗಿನ ಉಪಕರಣಗಳೆಲ್ಲ ಬಹುಪಾಲು ಚಾರ್ಜನ್ನು ನಂಬಿ ನಡೆಯುತ್ತವೆ. ಸ್ಪಿನ್ನನ್ನೂ ಹಿಡಿದು ಕೆಲಸ ಮಾಡಿಸಿಕೊಂಡರೆ ಕಡಿಮೆ ಬಿಸಿಯಲ್ಲಿ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ನೆನಪಿಟ್ಟುಕೊಳ್ಳುವ ಯಂತ್ರ ಮಾಡಬಹುದು. ಅದಕ್ಕೆ ಬೇಕಾದದ್ದು, ಒಂದು ಮುಖದ ಎಲೆಕ್ಟ್ರಾನುಗಳಿಗೆ ಮಾತ್ರ ದಾರಿ ಬಿಟ್ಟು ಇನ್ನೊಂದು ಮುಖದವನ್ನು ತಡೆಯುವ ಲೋಹ. ಕೋಬಾಲ್ಟು, ಮ್ಯಾಂಗನೀಸು, ಅಲ್ಯೂಮಿನಿಯಂ ಇಂಥವನ್ನು ಇಂತಿಷ್ಟು ಎಂದು ಬೆರೆಸಿದ ಕೆಲವು ಮಿಶ್ರಲೋಹಗಳು ಹಾಗೆ ನಡೆದುಕೊಳ್ಳುತ್ತವೆ. ಯಾವ ಬೆರಕೆ ಹೇಗೆ ನಡೆದುಕೊಂಡೀತು ಎಂಬುದನ್ನು ಲೋಹ ಕರಗಿಸದೆ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ.

ನಾನು ಹುಣಸೂರಿನಲ್ಲಿ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕಿ. ಮನೆ, ಮಗಳು, ಕಾಲೇಜು ಎಲ್ಲ ನಡೆಸುತ್ತಲೇ ಮೈಸೂರಿನ ಪ್ರೊಫೆಸರೊಬ್ಬರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ್ದೆ. ನನ್ನದು ಕೋಬಾಲ್ಟು ಹೆಚ್ಚಿರುವ ಮಿಶ್ರಲೋಹಗಳು. ಎರಡು ವರ್ಷದ ನಂತರ ನಾದಿನಿ ಎಂ.ಎಸ್ಸಿ. ಮುಗಿಸಿ ಕೋಟೆ ತಾಲ್ಲೂಕಿನಲ್ಲಿ ಮಾವ ಜಮೀನು ನೋಡಿಕೊಂಡಿದ್ದ ಊರಿನಿಂದ ನಮ್ಮ ಮನೆಗೆ ಬಂದು, ಅದೇ ಪ್ರೊಫೆಸರ ಹತ್ತಿರ ಸೇರಿದಳು. ಅವಳಿಗೆ ಸಿಕ್ಕಿದ್ದು ಮ್ಯಾಂಗನೀಸು ಹೆಚ್ಚಿರುವ ಮಿಶ್ರಲೋಹಗಳು. ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರು, ಸಾಮಾನಿನ ಕೋಣೆಯಲ್ಲಿ ರಾಗಿ ಚೀಲಗಳ ಪಕ್ಕ. ಒಂದು ಲೆಕ್ಕ ಹಾಕಿದರೆ ಹಗಲೂ ರಾತ್ರಿ ಓಡುತ್ತಿತ್ತು.

"ಇದೇನವ್ವ, ಈಯಕ್ಕೆ ಬಂದಿರೋ ಎಮ್ಮೆ ಥರ ಉಸ್ಸು ಉಸ್ಸು ಅಂತದೆ!" ಎಂದು ಅತ್ತೆ ಅದರ ಫ್ಯಾನಿನ ಸದ್ದಿಗೆ ಬಾಗಿಲ ಸಂದಿಯಿಂದ ಇಣುಕುತ್ತಿದ್ದರು.

ಯಜಮಾನರು ಊಟಕ್ಕೆ ಬಂದಾಗಲೆಲ್ಲ ನಮ್ಮನ್ನು ಕೆಣಕುವರು. "ನಾನು ಸುತ್ತೋ ಮೋಟರು ಬಾವಿಂದ ನೀರಾದ್ರೂ ಎತ್ತುತದೆ. ನಿಮ್ಮ ಮ್ಯಾಗ್ನೆಟ್ಟು ಒಂದು ಗುಂಡುಪಿನ್ನು ಎತ್ತುತದಾ?"

"ನಮ್ಮದು ಇನ್ನೂ ಹುಟ್ಟೇ ಇಲ್ಲ ಕಣಣ್ಣ," ಎನ್ನುವಳು ನಾದಿನಿ. "ಹುಟ್ಟಿದ್ರೆ ಎಂಗಿರ್ತದೆ ಅಂತ ಜಾತಕ ಬರೀತಾ ಇದೀವಿ."

"ಜಾತಕ ಬರೆಯೋರಿಗೆ ದಕ್ಷಿಣೆನಾದ್ರೂ ಸಿಗ್ತದೆ. ನಿಮಗೆ?"

"ನಮಗೆ ನಿನ್ನ ಬೈಗುಳ ಸಿಗ್ತದಲ್ಲ, ಸಾಕು ಬುಡು."

ಆ ಲೆಕ್ಕ ಒಂದೇ ಏಟಿಗೆ ಮುಗಿಯುವಂಥದಲ್ಲ. ಪ್ರತಿ ಪರಮಾಣುವಿನ ಸ್ಪಿನ್ ಯಾವ ಕಡೆ, ಎಷ್ಟು ಎಂದು ಮೊದಲು ನಾವೇ ಒಂದು ಅಂದಾಜು ಕೊಡಬೇಕು. ಕಂಪ್ಯೂಟರು ಅದನ್ನು ತಿದ್ದುತ್ತ, ಮತ್ತೆ ತಿದ್ದುತ್ತ, ಇನ್ನು ಬದಲಾಗುವುದೇ ಇಲ್ಲ ಎನ್ನುವವರೆಗೆ ಹೋಗಿ ನಿಲ್ಲುತ್ತದೆ. ನಾವು ಅದಕ್ಕೆ 'ಲೆಕ್ಕ ಕೂತಿತು' ಎನ್ನುತ್ತಿದ್ದೆವು. ಏನೂ ಇಲ್ಲದಲ್ಲಿಂದ ಶುರು ಮಾಡಿದರೆ ಕೂರಲು ಎರಡು ದಿನ ಬೇಕು. ಹುಣಸೂರಿನ ಕರೆಂಟು ಎರಡು ದಿನ ಒಂದೇ ಸಮ ಇರುವುದು ಅಪರೂಪ. ಹಾಗಾಗಿ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಆಗಲೇ ಕೂತಿರುವ ಒಂದು ಲೆಕ್ಕದ ಕೊನೆಯ ಫೈಲನ್ನು ತೆಗೆದು ಹೊಸ ಲೋಹಕ್ಕೆ ಆರಂಭವಾಗಿ ಕೊಡುವುದು. ನಿನ್ನೆಯ ಮೊಸರು ಒಂದು ಚಮಚ ಇಂದಿನ ಹಾಲಿಗೆ ಹಾಕಿದ ಹಾಗೆ. ಎರಡು ದಿನದ ಕೆಲಸ ಐದಾರು ಗಂಟೆಯಲ್ಲಿ ಮುಗಿಯುತ್ತಿತ್ತು. ಆ ಫೈಲಿಗೆ ಮನೆಯಲ್ಲಿ ನಾವಿಟ್ಟ ಹೆಸರೇ ಹೆಪ್ಪು. ಕಾಲೇಜಿನಿಂದ ಫೋನ್ ಮಾಡಿ "ಹೆಪ್ಪು ಹಾಕಿದೆಯೇನೆ?" ಎಂದು ಕೇಳಿದರೆ ಸ್ಟಾಫ್‌ರೂಮಿನವರು ಮೊಸರಿನ ವಿಷಯ ಎಂದುಕೊಳ್ಳುತ್ತಿದ್ದರು.

ನನ್ನ ಕೋಬಾಲ್ಟಿನ ಲೋಹಗಳಲ್ಲಿ ಈ ಉಪಾಯದಿಂದ ಏನೂ ಕೆಡಲಿಲ್ಲ. ಅವುಗಳಲ್ಲಿ ಸ್ಪಿನ್‌ಗಳೆಲ್ಲ ನಿಜವಾಗಿಯೂ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ. ನಾದಿನಿ ಬಂದ ಮೊದಲ ವಾರವೇ ಆ ಹೆಪ್ಪನ್ನು ಅವಳಿಗೂ ಕೊಟ್ಟೆ. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ. ಮ್ಯಾಂಗನೀಸಿನ ಸ್ವಭಾವ ಬೇರೆ. ಎರಡು ಮ್ಯಾಂಗನೀಸು ಹತ್ತಿರ ಹತ್ತಿರ ಕೂತರೆ ಎಷ್ಟೋ ಸಲ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಮುಖ ಮಾಡುತ್ತವೆ. ಆದರೆ ಎಲ್ಲವೂ ಮೇಲ್ಮುಖವಾಗಿರುವ ಫೈಲಿನಿಂದ ಶುರುಮಾಡಿದರೆ ಕಂಪ್ಯೂಟರು ಅದನ್ನೇ ತಿದ್ದಿ ತೀಡಿ, ಹಾಗೇ ಒಂದು ಕಡೆ ಕೂರಿಸಿಬಿಡುತ್ತದೆ. ಲೆಕ್ಕ ಕೂತಿತು ಎಂದು ಹೇಳುತ್ತದೆ. ತಪ್ಪು ಜಾಗದಲ್ಲಿ ಕೂತಿತು ಎಂದು ಹೇಳುವುದಿಲ್ಲ. ಅದನ್ನು ಮನುಷ್ಯರೇ ಅನುಮಾನಿಸಬೇಕು.

ನಾದಿನಿ ಅನುಮಾನಿಸಿದಳು. ಇದನ್ನು ಪತ್ರದಲ್ಲಿ ಮೊದಲನೇ ಸಾಲಾಗಿ ಬರೆದಿದ್ದೇನೆ.

ನಾನು ಒಲೆಯ ಮುಂದೆ ಹುರುಳಿಕಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳು ಒಂದು ಹಾಳೆ ಹಿಡಿದುಕೊಂಡು ಬಂದು ನಿಂತಳು.

"ಅತ್ತಿಗೆ, ಮ್ಯಾಂಗನೀಸು ಎರಡೂ ಒಂದೇ ಕಡೆ ತಿರುಗ್ಯವೆ. ನಂಗ್ಯಾಕೋ ಸರಿ ಕಾಣ್ತಿಲ್ಲ. ಒಂದನ್ನ ಮೇಲಕ್ಕೆ, ಒಂದನ್ನ ಕೆಳಕ್ಕೆ ಇಟ್ಟು, ಹೆಪ್ಪು ಇಲ್ದೆ ಮೊದಲಿಂದ ಓಡಿಸಿ ನೋಡಾಣ್ವಾ?"

"ಲೆಕ್ಕ ಕೂತದೆ ತಾನೆ?"

"ಕೂತದೆ."

"ಕೂತಿರೋದನ್ನ ಯಾಕೆ ಎಬ್ಬುಸ್ತಿಯೆ? ಮೊದಲಿಂದ ಅಂದ್ರೆ ಎರಡು ದಿನ ಬೇಕು."

"ಎರಡೇ ದಿನ ಅಲ್ವಾ ಅತ್ತಿಗೆ?"

"ಆ ಎರಡು ದಿನದಲ್ಲಿ ನನ್ನ ಅಧ್ಯಾಯದ ಚಿತ್ರ ತೆಗೀಬೇಕು ಕಣೆ. ಇರೋದು ಒಂದು ಕಂಪ್ಯೂಟರು. ಬುಡು ಅತ್ಲಾಗೆ."

ಅವಳು ಹಾಳೆ ಮಡಚಿಕೊಂಡು ಹೋದಳು. ಒಗ್ಗರಣೆ ಸೀದು ಸಾರು ಕಹಿಯಾಯಿತು. ಅದಕ್ಕೂ ಅವಳನ್ನೇ ಬೈದೆ, ಒಲೆ ಮುಂದೆ ಮಾತಾಡಿಸಿದೆ ಎಂದು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಎತ್ತಲಿಲ್ಲ ಎಂಬುದನ್ನು ನಾನು ಒಪ್ಪಿಗೆ ಎಂದು ತಿಳಿದೆ. ನಮ್ಮ ಮನೆಗಳಲ್ಲಿ ಅತ್ತಿಗೆ ಒಮ್ಮೆ ಬುಡು ಎಂದರೆ ನಾದಿನಿ ಎರಡನೇ ಸಲ ಕೇಳುವುದಿಲ್ಲ. ಅಡಿಗೆಮನೆಯಲ್ಲಿ ಅದು ನಡೆಯುತ್ತದೆ. ಲೆಕ್ಕದಲ್ಲಿ ನಡೆಯಬಾರದಿತ್ತು.

ಮೂರು ವರ್ಷ ಅವಳು ಆ ಹೆಪ್ಪಿನಿಂದಲೇ ಹದಿನಾಲ್ಕು ಲೋಹಗಳ ಲೆಕ್ಕ ಮಾಡಿದಳು. ಪ್ರೊಫೆಸರು, ಅವಳು, ನಾನು ಮೂವರ ಹೆಸರಿನಲ್ಲಿ ಒಂದು ಲೇಖನವೂ ಅಚ್ಚಾಯಿತು. ಅಷ್ಟರಲ್ಲಿ ದೂರದ ಊರಿನ ಪ್ರಯೋಗಾಲಯದವರು ಅವಳ ಪಟ್ಟಿಯಲ್ಲಿದ್ದ ಒಂದು ಲೋಹವನ್ನು ನಿಜವಾಗಿ ಕರಗಿಸಿ ಮಾಡಿದರು. ಅದರ ಕಾಂತಶಕ್ತಿ ನಾವು ಹೇಳಿದ್ದರ ಅರ್ಧವೂ ಬರಲಿಲ್ಲ.

ಪ್ರೊಫೆಸರು ಇಬ್ಬರನ್ನೂ ಮೈಸೂರಿಗೆ ಕರೆದರು. ಅವರ ಕೋಣೆಯಲ್ಲಿ ಎರಡು ಕುರ್ಚಿ. ಅವಳು ಕೂರಲಿಲ್ಲ, ನಾನು ಕೂತೆ. ಅವರು ಕಾಗದ ಮುಂದಿಟ್ಟು ಕೇಳಿದರು. "ಮ್ಯಾಂಗನೀಸು ಪಕ್ಕಪಕ್ಕ ಇದ್ದಾಗ ವಿರುದ್ಧ ತಿರುಗಬಹುದು ಅನ್ನೋದು ಹೊಳೀಬಾರದಾ? ಈ ಆರಂಭದ ಸ್ಪಿನ್ ಯಾರು ಇಟ್ಟದ್ದು?"

ಅವಳು ನನ್ನ ಕಡೆ ನೋಡಿದಳು. ದೂರುವ ನೋಟವಲ್ಲ. ಮನೆಗೆ ನೆಂಟರು ಬಂದಾಗ ಕಾಫಿಯೋ ಟೀಯೋ ಎಂದು ನನ್ನ ಮುಖ ನೋಡುತ್ತಿದ್ದಳಲ್ಲ, ಅಂಥದೇ. ನೀವು ಹೇಳ್ತೀರಾ, ನಾನು ಹೇಳ್ಲಾ ಎಂಬಂತೆ.

ನನ್ನ ವೈವಾಗೆ, ಪಿಎಚ್.ಡಿ.ಯ ಬಾಯಿ ಪರೀಕ್ಷೆಗೆ, ಇನ್ನೊಂದು ತಿಂಗಳಿತ್ತು. ಆ ಫೈಲು ನನ್ನದು ಎಂದರೆ ಮುಂದಿನ ಪ್ರಶ್ನೆ ಏನು ಎಂದು ನನಗೆ ಗೊತ್ತಿತ್ತು: ಹಾಗಾದರೆ ನಿಮ್ಮ ಥೀಸಿಸ್ಸಿನಲ್ಲೂ ಇದೇ ಥರ ಮಾಡಿದ್ದೀರಾ? ಸೀರೆಯ ಅಂಚಿನಲ್ಲಿ ಒಂದು ದಾರ ಎದ್ದಿತ್ತು. ಅದನ್ನು ಬೆರಳಿಗೆ ಸುತ್ತಿದೆ, ಬಿಚ್ಚಿದೆ, ಸುತ್ತಿದೆ. ಹೇಳುವುದಕ್ಕೆ ಬೇಕಾಗಿದ್ದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷ ಹಾಗೆ ಹೋಯಿತು.

"ನಾನು ನೋಡ್ತೀನಿ ಸಾರ್," ಎಂದಳು ನಾದಿನಿ.

"ನೋಡೋದೇನಮ್ಮ, ಎಲ್ಲಾ ಮೊದಲಿಂದ ಆಗಬೇಕು. ನೋಡದೆ ಕಾಪಿ ಮಾಡಿದರೆ ಹೀಗೇ," ಎಂದರು ಅವರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಿದ್ದಳು. ಬಸ್ಸು ಬಿಳಿಕೆರೆ ದಾಟಿತು. ಈಗ ಕೇಳುತ್ತಾಳೆ, ಈಗ ಅಳುತ್ತಾಳೆ ಎಂದು ಕಾಯುತ್ತಿದ್ದೆ. ಕೇಳಿದರೆ ಹೇಳಲು ಏನೇನೋ ಜೋಡಿಸಿಕೊಂಡಿದ್ದೆ.

"ಅತ್ತಿಗೆ," ಎಂದಳು. "ನಿಮ್ಮ ವೈವಾಗೆ ಯಾವ ಸೀರೆ ಉಡ್ತೀರಿ?"

"ಆ ಹಸಿರು ರೇಷ್ಮೆದು," ಎಂದೆ.

"ಅದು ಚೆನ್ನಾಗದೆ. ಅದನ್ನೇ ಉಡಿ."

ನಾನು ಯಾಕೆ ಸುಮ್ಮನಿದ್ದೆ ಎಂಬುದು ಅವಳಿಗೆ ಪೂರ್ತಿ ಅರ್ಥವಾಗಿತ್ತು. ಅರ್ಥವಾದದ್ದನ್ನು ಅಷ್ಟು ಮೆತ್ತಗೆ ತಿಳಿಸಿದಳು. ನಾನು ಸೀರೆಯ ಬಣ್ಣ ಹೇಳಿ ಮುಗಿಸಿದೆ.

ವಾರದೊಳಗೆ ಅವಳು ಬಟ್ಟೆ, ಪುಸ್ತಕ ಕಟ್ಟಿಕೊಂಡು ಕೋಟೆ ಕಡೆಯ ಊರಿಗೆ ಹೊರಟಳು. ಮತ್ತೆ ಮೊದಲಿಂದ ಮಾಡುವ ಶಕ್ತಿ ಇಲ್ಲ ಎಂದಳು. ಅತ್ತೆ ಬಾಗಿಲಲ್ಲಿ ನಿಂತು ಹೆತ್ತ ಮಗಳಿಗೇ ಹೇಳಿದರು: "ಓದು ನಿಂಗೆ ತಲೆಗೆ ಹತ್ನಿಲ್ಲ. ನಿಮ್ಮತ್ತಿಗೆ ನೋಡು, ಮನೆ ಮಗು ಕಟ್ಕೊಂಡು ಎಂಗೆ ಮಾಡುದ್ಲು." ಆಗಲೂ ನಾನು ಅಲ್ಲೇ ಇದ್ದೆ. ಅವಳ ಬ್ಯಾಗಿನ ಜಿಪ್ಪು ಸಿಕ್ಕಿಹಾಕಿಕೊಂಡಿತ್ತು, ಅದನ್ನು ಎಳೆದುಕೊಟ್ಟೆ. ಅಷ್ಟೇ ನಾನು ಮಾಡಿದ್ದು.

ವೈವಾ ಆಯಿತು. ಹಸಿರು ಸೀರೆಯನ್ನೇ ಉಟ್ಟಿದ್ದೆ. ನನ್ನ ಥೀಸಿಸ್ಸಿನ ಬಗ್ಗೆ ಯಾರೂ ಅಂಥ ಪ್ರಶ್ನೆ ಕೇಳಲೇ ಇಲ್ಲ. ಕೇಳಿದ್ದರೂ ಕೋಬಾಲ್ಟಿನ ಉತ್ತರ ಸರಿಯಾಗಿಯೇ ಇತ್ತು. ಸುಮ್ಮನೆ ಹೆದರಿದ್ದೆ. ಕಾಲೇಜಿನ ಬೋರ್ಡಿನಲ್ಲಿ ನನ್ನ ಹೆಸರಿನ ಹಿಂದೆ ಡಾ. ಬಂತು. ಪ್ರೊಫೆಸರು ಹೊಸದಾಗಿ ಸೇರಿದವರಿಗೆಲ್ಲ, ಒಬ್ಬ ಹುಡುಗಿ ನೋಡದೆ ಕಾಪಿ ಮಾಡಿ ಮೂರು ವರ್ಷ ಕಳೆದುಕೊಂಡಳು ಎಂದು ಬುದ್ಧಿಮಾತಾಗಿ ಹೇಳುತ್ತಿದ್ದರಂತೆ. ಅದು ಸುತ್ತಿ ಬಳಸಿ ನನ್ನ ಕಿವಿಗೇ ಬಂತು. ಅವಳ ಕಿವಿಗೂ ಬಿದ್ದಿರಬೇಕು.

ಆಮೇಲೆ ಅವಳಿಗೆ ಹೈಸ್ಕೂಲಿನ ಕೆಲಸವಾಯಿತು, ಮದುವೆಯಾಯಿತು. ಒಳ್ಳೆಯ ಮನೆ. ಹಬ್ಬಕ್ಕೆ ಬರುತ್ತಾಳೆ, ನನ್ನ ಮಗಳಿಗೆ ಲೆಕ್ಕ ಹೇಳಿಕೊಡುತ್ತಾಳೆ, ನನ್ನ ಜೊತೆ ನಗುತ್ತಾಳೆ. ಸಾಮಾನಿನ ಕೋಣೆಗೆ ಮಾತ್ರ ಕಾಲಿಡುವುದಿಲ್ಲ. ರಾಗಿ ಬೇಕಾದರೆ "ಅಣ್ಣ, ನೀನೇ ತಂದ್ಕೊಡು" ಎನ್ನುತ್ತಾಳೆ.

ಹೋದ ತಿಂಗಳು ಅವಳೇ ಫೋನ್ ಮಾಡಿ ಅರ್ಜಿಯ ವಿಷಯ ಹೇಳಿದಳು. "ಅತ್ತಿಗೆ, ಸಾರ್ ಹತ್ರ ಒಂದು ಕಾಗದ ಬೇಕಿತ್ತು. ನಂಗೆ ಅವರ ಮುಂದೆ ಹೋಗಕ್ಕೆ ಮನಸಿಲ್ಲ. ನೀವು ತಂದ್ಕೊಡ್ತೀರಾ?"

ಎಂಟು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಸಹಾಯ ಅದು. ಪ್ರೊಫೆಸರು ನಿವೃತ್ತರಾಗಿ ಪಿರಿಯಾಪಟ್ಟಣದಾಚೆ ಕೊಪ್ಪದ ಕಡೆ ತೋಟ ಮಾಡಿಕೊಂಡಿದ್ದಾರೆ. ಹೋದೆ. ಶುಂಠಿ ಒಣಹಾಕಿಸುತ್ತಿದ್ದರು. ಈ ಸಲ ಕೂರುವ ಮೊದಲೇ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ.

"ಸಾರ್, ಆ ಮ್ಯಾಂಗನೀಸಿನ ಲೆಕ್ಕದ ಆರಂಭದ ಫೈಲು ನನ್ನದು. ಅವಳು ಬೇಡ ಅಂದಿದ್ದಳು. ನಾನೇ ಬಲವಂತ ಮಾಡಿದ್ದು."

ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ಯಾವ ಮ್ಯಾಂಗನೀಸಮ್ಮ?"

ಅವರಿಗೆ ನೆನಪೇ ಇರಲಿಲ್ಲ. ನಾನು ಮೊದಲಿಂದ ಬಿಡಿಸಿ ಹೇಳಿದೆ. ಕೇಳಿದರು. ಕೇಳಿ, "ಅಯ್ಯೋ, ಈಗ ಯಾಕಮ್ಮ ಅದು? ಆ ಲೇಖನದಲ್ಲಿ ನಿನ್ನ ಹೆಸರೂ ಇದೆ, ನನ್ನದೂ ಇದೆ. ಕೆದಕಿದರೆ ತಿದ್ದುಪಡಿ ಕಳಿಸಬೇಕು, ಎಲ್ಲರೂ ಕೇಳ್ತಾರೆ. ವೈಯಕ್ತಿಕ ಕಾರಣ ಅಂತ ಬರೆದರೆ ಸಾಕು, ಯಾರಿಗೂ ತೊಂದರೆ ಇಲ್ಲ," ಎಂದರು. ಬರೆದೂ ಕೊಟ್ಟರು. ಕೈಗೆ ಒಂದು ಚೀಲ ಹಸಿಶುಂಠಿಯನ್ನೂ ಇಟ್ಟರು.

ನಾನು ತಗೊಂಡೆ. ಕಾಗದವನ್ನೂ, ಶುಂಠಿಯನ್ನೂ. ಹೇಳುವುದನ್ನು ಹೇಳಿ ಆಯಿತಲ್ಲ ಎಂದು ಬಸ್ಸಿನಲ್ಲಿ ಸ್ವಲ್ಪ ಹಗುರವೂ ಆಯಿತು. ಮಾರನೇ ದಿನ ಅಂಚೆಗೆ ಹಾಕಿದೆ. ನಾಲ್ಕನೇ ದಿನ ಅವಳ ಫೋನು ಬಂತು.

"ಅತ್ತಿಗೆ, ವೈಯಕ್ತಿಕ ಕಾರಣ ಅಂದ್ರೆ ಯಾವುದು?"

ನಾನು ಏನೋ ತೊದಲಿದೆ.

"ಆವಾಗ ನಂಗೆ ಮದ್ವೆ ಆಗಿರ್ನಿಲ್ಲ. ಕಾಯಿಲೆ ಬಿದ್ದಿರ್ನಿಲ್ಲ. ಯಾವುದು ಅಂತ ಕೇಳುದ್ರೆ ಏನೇಳ್ಲಿ? ಮನಸಿರ್ನಿಲ್ಲ ಅಂತಲಾ? ನಮ್ಮವ್ವ ಅನ್ನೋದೂ ಅದನ್ನೇ."

ಸಿಟ್ಟಿನ ದನಿಯಲ್ಲ. ತರಗತಿಯಲ್ಲಿ ಉತ್ತರ ಬಾರದ ಮಕ್ಕಳನ್ನು ಕೇಳುವಂತೆ ನಿಧಾನವಾಗಿ ಕೇಳಿದಳು. ಅದಕ್ಕೇ ಆ ಭಾನುವಾರದ ಪತ್ರ. ಅವಳು ಅನುಮಾನಪಟ್ಟು ಕೇಳಿದ್ದಳೆಂದೂ, ಆರಂಭದ ಫೈಲು ನನ್ನದೆಂದೂ, ನಾನು ಬೇಡವೆಂದು ತಡೆದೆನೆಂದೂ, ಪ್ರೊಫೆಸರು ಕೇಳಿದಾಗ ಸುಮ್ಮನಿದ್ದೆನೆಂದೂ, ಲೇಖನಕ್ಕೆ ತಿದ್ದುಪಡಿ ಕಳಿಸುತ್ತಿದ್ದೇನೆಂದೂ ಬರೆದು, ಕಾಲೇಜಿನ ಹುದ್ದೆ ಸಮೇತ ಸಹಿ ಹಾಕಿದೆ. ಬರಿಗೈಯಲ್ಲಿ ಹೋಗುವುದು ಬೇಡವೆಂದು ಒಂದು ಪೆನ್‌ಡ್ರೈವಿಗೆ ಒಂದು ಲೆಕ್ಕವನ್ನೂ ತುಂಬಿಕೊಂಡೆ. ಅವಳ ಲೋಹಗಳಲ್ಲಿ ಒಂದನ್ನು, ಅವಳು ಹೇಳಿದ್ದ ರೀತಿಯಲ್ಲೇ, ಮ್ಯಾಂಗನೀಸನ್ನು ಎದುರುಬದುರು ಮಾಡಿ ಮೊದಲಿಂದ ಓಡಿಸಿದ ಲೆಕ್ಕ. ಅವಳು ಹೇಳಿದ್ದೇ ಸರಿ ಎಂದು ತೋರಿಸುವ ಲೆಕ್ಕ. ಅದನ್ನು ನೋಡಿದರೆ ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡೆ.

ಕೆ.ಆರ್. ನಗರದಲ್ಲಿ ಕಾದು ಬಸ್ಸು ಬದಲಿಸಿ ಚುಂಚನಕಟ್ಟೆಯಲ್ಲಿ ಇಳಿದಾಗ ಎರಡು ಗಂಟೆಯ ಹತ್ತಿರ. ಭತ್ತ ಬಡಿದು ಮುಗಿದಿತ್ತು. ಅವಳ ಗಂಡ ಹುಲ್ಲು ಸಾಗಿಸಲು ಹೋಗಿದ್ದರು. ಹಜಾರದಲ್ಲಿ ಮೊರದ ತುಂಬ ನೆನೆದ ಅವರೆಕಾಳು ಹರಡಿಕೊಂಡು ಅವಳೂ ಅವಳ ಅತ್ತೆಯೂ ಹಿದುಕುತ್ತಿದ್ದರು.

"ಬನ್ನಿ ಬನ್ನಿ ಮೇಡಮ್ಮೋರೆ," ಎಂದರು ಅವಳ ಅತ್ತೆ. "ಓದಿರೋ ಕೈ ಎರಡು ಇದ್ವು, ನಾಲ್ಕಾಯ್ತು. ನಿಮ್ಮ ನಾದಿನಿ ಒಂದು ಕಾಳು ಹಿದುಕಿ ಎರಡು ಗಳಿಗೆ ಯೋಚ್ನೆ ಮಾಡ್ತಾಳೆ."

ಕೈಕಾಲು ತೊಳೆದು ನಾನೂ ಕೂತೆ. ಸ್ವಲ್ಪ ಹೊತ್ತಿಗೆ ಅವಳ ಅತ್ತೆ ಹಸುವಿಗೆ ನೀರು ತೋರಿಸಲು ಎದ್ದರು. ಆಗ ಪತ್ರ ತೆಗೆದು ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡು ಸಲ ಓದಿದಳು. ನಾನು ಕಾಳು ಹಿದುಕುತ್ತಲೇ ಇದ್ದೆ.

"ಇದನ್ನ ನಾನು ಯೂನಿವರ್ಸಿಟಿಗೆ ಕೊಟ್ರೆ ನಿಮಗೆ ತೊಂದ್ರೆ ಆಯ್ತದಲ್ವಾ?"

"ಆಗ್ಲಿ."

ಅವಳ ಮುಖ ಸಡಿಲವಾಯಿತು. ಆ ಸಡಿಲ ಮುಖ ನೋಡಿ ನನಗೆ ಧೈರ್ಯ ಬಂದು, ಪೆನ್‌ಡ್ರೈವನ್ನೂ ಕೊಟ್ಟೆ. "ನೀನು ಹೇಳಿದ್ದೇ ಸರಿ ಕಣೆ. ನಿನ್ನ ಥರ ಓಡಿಸಿದ್ರೆ ಎನರ್ಜಿ ಇನ್ನೂ ಕೆಳಗೆ ಹೋಗಿ ಸರಿಯಾದ ಜಾಗದಲ್ಲಿ ಕೂತದೆ. ಪ್ರಯೋಗದೋರು ಅಳೆದ ಕಾಂತಶಕ್ತಿಗೂ ಹತ್ತಿರ ಬತ್ತದೆ. ನೋಡು."

ಅವಳು ಲ್ಯಾಪ್‌ಟಾಪ್ ತಂದು ತೊಡೆಯ ಮೇಲಿಟ್ಟುಕೊಂಡು ಫೈಲು ತೆರೆದಳು. ನಾನು ಕೊನೆಯ ಸಾಲಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ; ಉತ್ತರ ಇರುವುದು ಅಲ್ಲಿ. ಅವಳು ಮೊದಲ ಸಾಲಿನಲ್ಲೇ ನಿಂತಳು. ಆ ಪ್ರೋಗ್ರಾಮು ಯಾವ ದಿನ ಓಡಿತೋ ಆ ತಾರೀಖನ್ನು ಮೊದಲ ಸಾಲಿನಲ್ಲಿ ತಾನೇ ಬರೆಯುತ್ತದೆ. ಅಷ್ಟು ವರ್ಷ ಆ ಕೆಲಸ ಮಾಡಿದ ನನಗೆ ಅದು ಮರೆತೇಹೋಗಿತ್ತು.

"ಇದು ನಿಮ್ಮ ವೈವಾ ಆದ ಮುಂದಿನ ವಾರ," ಎಂದಳು.

ನಾನು ಹೌದೆಂದೆ. ವೈವಾ ಮುಗಿದ ಮೇಲೆ ಕಂಪ್ಯೂಟರು ಖಾಲಿ ಬಿದ್ದಿತ್ತು. ಎರಡು ದಿನ ಓಡಿಸಿ ನೋಡಿದ್ದೆ. ಆ ಎರಡು ದಿನ ಕರೆಂಟು ಒಮ್ಮೆಯೂ ಹೋಗಲಿಲ್ಲ. ಉತ್ತರ ನೋಡಿ, ಅದನ್ನು ಒಂದು ಮೂಲೆಯ ಫೋಲ್ಡರಿನಲ್ಲಿ ಇಟ್ಟು, ಯಾರಿಗೂ ಹೇಳದೆ ಇದ್ದುಬಿಟ್ಟೆ. ಹೇಳಿದರೆ ಯಾಕೆ ಮೊದಲೇ ಹೇಳಲಿಲ್ಲ ಎನ್ನುತ್ತಾರೆ ಎಂದು. ಒಂದು ವರ್ಷ ಕಳೆದ ಮೇಲೆ, ಒಂದು ವರ್ಷ ಯಾಕೆ ಹೇಳಲಿಲ್ಲ ಎನ್ನುತ್ತಾರೆ ಎಂದು.

"ಅಂಗಾದ್ರೆ ಎಂಟು ವರ್ಷದಿಂದ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಆಗ ಊರಲ್ಲೇ ಇದ್ದೆ ಅತ್ತಿಗೆ. ಕೆಲಸ ಸಿಕ್ಕಿರ್ನಿಲ್ಲ. ಸೊಪ್ಪು ಬಿಡಿಸ್ಕಂಡು, ನಾನೇ ದಡ್ಡಿ ಅಂತ ಕೂತಿದ್ದೆ. ಒಂದು ಫೋನು ಮಾಡಿದ್ರೆ ಮಾರನೇ ದಿನ ಬತ್ತಿದ್ದೆ."

ಕ್ಷಮಿಸು ಎಂದೆ. ಆ ಮಾತು ಅಂಗಳದಲ್ಲಿ ಹಸು ಕೂಗಿದ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಹೇಳಲು ಬಾಯಿ ಬರಲಿಲ್ಲ.

ಅವಳು ಪೆನ್‌ಡ್ರೈವ್ ತೆಗೆದು ನನ್ನ ಕೈಗೆ ವಾಪಸು ಕೊಟ್ಟಳು. "ಇದು ಬ್ಯಾಡ. ಎಲ್ಲಾ ಹದಿನಾಲ್ಕೂ ನಾನೇ ಮೊದಲಿಂದ ಓಡುಸ್ತೀನಿ. ಯಾರ ಫೈಲೂ ಬ್ಯಾಡ." ಆಮೇಲೆ ಪತ್ರವನ್ನು ನನ್ನ ಮುಂದಿಟ್ಟು, ಮಕ್ಕಳ ನೋಟ್‌ಬುಕ್ಕಿನ ಮಧ್ಯದಿಂದ ಒಂದು ಪೆನ್ನು ಕೊಟ್ಟಳು. "ಕೆಳಗೆ ಇನ್ನೊಂದು ಸಾಲು ಬರೀರಿ. ಈ ಲೆಕ್ಕ ಯಾವ ದಿನ ಮಾಡಿದ್ರಿ ಅಂತ. ತಾರೀಖು ಹಾಕಿ."

ಬರೆದೆ. ಸಹಿಯ ಕೆಳಗೆ ಜಾಗ ಕಡಿಮೆ ಇತ್ತು, ಅಕ್ಷರ ಸಣ್ಣದು ಮಾಡಿದೆ. ಅವಳು ಓದಿ, ಸಾಲದೆಂದು ಇನ್ನೊಂದು ಮಾತು ಸೇರಿಸಲು ಹೇಳಿದಳು: ತಿಳಿದೂ ಅವಳಿಗೆ ಹೇಳಲಿಲ್ಲ ಎಂದು. ಅದನ್ನೂ ಬರೆದು ಮತ್ತೆ ಸಹಿ ಹಾಕಿದೆ. ಅವಳು ಪ್ರೊಫೆಸರ ಕಾಗದವನ್ನು ಅರ್ಜಿಯಿಂದ ಹೊರತೆಗೆದು ಆ ಜಾಗದಲ್ಲಿ ಇದನ್ನು ಇಟ್ಟಳು. ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಬಂದು ಮೊರದ ಮುಂದೆ ಕೂತು ಉಳಿದ ಕಾಳು ಹಿದುಕತೊಡಗಿದಳು.

ಅವಳ ಅತ್ತೆ ಒಳಗೆ ಬಂದು ಇಬ್ಬರ ಮುಖವನ್ನೂ ನೋಡಿದರು. "ಏನ್ರವ್ವ, ಇಬ್ರೂ ಹಿಂಗೆ ಬಾಯಿ ಬಿಗಿದ್ಕೊಂಡು ಕೂತ್ರೆ ಸಾರಿಗೆ ಕಾಯಿ ರುಬ್ಬೋರು ಯಾರು?"

"ನಾನು ರುಬ್ತೀನಿ," ಎಂದೆ.

"ಬ್ಯಾಡ ಅತ್ತಿಗೆ, ನೀವು ಕೂತ್ಕಳಿ," ಎಂದಳು ನಾದಿನಿ. ಎಂಟು ವರ್ಷದ ಹಿಂದೆ ಆಗಿದ್ದರೆ ಕಾಯಿ ಹೋಳನ್ನು ನನ್ನ ಕೈಗೆ ತುರುಕಿ ತಾನು ಹೊರಗೆ ಓಡುತ್ತಿದ್ದಳು. ಈಗ ನನ್ನನ್ನು ನೆಂಟರ ಹಾಗೆ ಕೂರಿಸಿದಳು. ಇನ್ನು ಮುಂದೆ ಹೀಗೇ ಎಂದು ನನಗೆ ಗೊತ್ತಾಯಿತು. ಅವಳ ಹದಿನಾಲ್ಕು ಲೋಹಗಳೂ ಸರಿಯಾಗಿ ಕೂತಾವು, ಅವಳ ಹೆಸರಿಗೂ ಡಾ. ಬಂದೀತು. ಅದರಲ್ಲಿ ಯಾವುದನ್ನೂ ಅವಳು ಮೊದಲು ನನಗೆ ಬಂದು ಹೇಳುವುದಿಲ್ಲ.

ಸಂಜೆ ಯಜಮಾನರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, "ಅವ್ವಂಗೆ ಯಾರು ಹೇಳ್ತಾರೆ?" ಎಂದರು. ನಾಳೆ ಬಂದು ನಾನೇ ಹೇಳುತ್ತೇನೆ ಎಂದೆ.

ರಾತ್ರಿ ರಾಗಿಮುದ್ದೆ, ಹಿದುಕಿದ ಬೇಳೆ ಸಾರು, ಕರಿದ ಹಪ್ಪಳ, ಕೊನೆಗೆ ಹೊಸ ಅಕ್ಕಿ ಅನ್ನ ಮತ್ತು ಮಜ್ಜಿಗೆ. ನಾದಿನಿ ಬಡಿಸಿದಳು; ಎರಡನೇ ಸಲ ಸಾರು ಹಾಕುವಾಗ ಸಾಕಾ ಎಂದು ಕೇಳಿದಳು, ನಾನು ಸಾಕು ಎಂದೆ. ಹಜಾರದಲ್ಲಿ ಚಾಪೆ ಹಾಸಿದರು. ಅವಳು ಗೋಡೆಗೆ ಒರಗಿ ಅರ್ಜಿಯ ಹಾಳೆಗಳಿಗೆ ನಂಬರು ಹಾಕುತ್ತ ಕೂತಿದ್ದಳು. ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ ಎಂದು ಬೆಳಿಗ್ಗೆ ಅವಳ ಅತ್ತೆ ಹೇಳಿದರು.